ಆಂಜನಮ್ಮ ಗುಟ್ಟಾಗಿ ಕೊಟ್ಟ ದೂರು

ಕೆ.ಆರ್. ಪುರದ ಹಳೇ ಬೀದಿಯ ತಗ್ಗಿನಲ್ಲಿದ್ದ ಆಂಜನಮ್ಮನಿಗೆ ಆಸ್ತಿ ಅಂತ ಇದ್ದದ್ದು ಎರಡೇ: ಗಂಡ ದೊಡ್ಡಮುನಿಯಪ್ಪ ಫ್ಯಾಕ್ಟರಿಯಲ್ಲಿ ದುಡಿದು ಕಟ್ಟಿಸಿದ ಮನೆ, ಮತ್ತು ತವರು. ತವರೂರು ಮಹದೇವಪುರದ ಹೊಲಗಳಿಗೆ ಚಿನ್ನದ ಬೆಲೆ ಬಂದಾಗ ಅವಳ ಜೊತೆಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕೋರ್ಟಿನ ಮೆಟ್ಟಿಲು ಹತ್ತಿ ಅಣ್ಣತಮ್ಮಂದಿರ ಮೇಲೆ ಪಾಲಿಗೆ ದಾವೆ ಹೂಡಿದರು. ಆಂಜನಮ್ಮ ಮಾತ್ರ ತಮ್ಮ ಮುನೀಂದ್ರ ಕರೆದ ದಿನವೇ ಹೋಗಿ, ಹಕ್ಕು ಬಿಟ್ಟುಕೊಟ್ಟಿದ್ದೇನೆ ಅಂತ ಹೆಬ್ಬೆಟ್ಟು ಒತ್ತಿ ಬಂದಳು. ಪಾಲು ತಗೊಂಡರೆ ತವರು ಹೋಗುತ್ತದೆ, ವರ್ಷಕ್ಕೊಂದು ಸಲ ಗೌರಿಹಬ್ಬಕ್ಕೆ ತಮ್ಮ ಬಾಗಿನ ತಂದುಕೊಟ್ಟರೆ ಸಾಕು ಅನ್ನುವುದು ಅವಳ ಲೆಕ್ಕ. ಪೆದ್ದಿ ಅಂದವರೂ ಇದ್ದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಮುನೀಂದ್ರನೂ ತಪ್ಪಿಸಿದವನಲ್ಲ. ಹಬ್ಬದ ಹಿಂದಿನ ದಿನ ಅವನ ಬೈಕು ಬೀದಿಗೆ ತಿರುಗಿದರೆ ಆಂಜನಮ್ಮನಿಗೆ ಒಲೆ ಮೇಲಿನ ಹಾಲಿನ ಜ್ಞಾನ ಇರುತ್ತಿರಲಿಲ್ಲ. ಮೊರದ ಜೋಡಿಯಲ್ಲಿ ಅರಿಶಿನ ಕುಂಕುಮ, ಬಿಚ್ಚೋಲೆ, ರವಿಕೆ ಕಣ, ಕಾಯಿ, ಎಲ್ಲಕ್ಕಿಂತ ಮೇಲೆ ಹಸಿರು ಬಳೆ. ತಮ್ಮ ತನ್ನ ಹೆಂಡತಿಯ ಕೈ ಅಳತೆ ಮರೆತಾನು, ಅಕ್ಕನದು ಮರೆಯುವುದಿಲ್ಲ ಅಂತ ಅವಳು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಎರಡು ಸಾವಿರದ ಐದರಲ್ಲಿ ಈ ಮುನೀಂದ್ರ ತನ್ನ ಜಮೀನಿನ ಅಂಚಿನಲ್ಲಿದ್ದ ರಾಜಕಾಲುವೆಗೆ ಲಾರಿಗಟ್ಟಲೆ ಮಣ್ಣು ಸುರಿಸಿ, ಪಾಲುದಾರನೊಬ್ಬನ ಜೊತೆ ಸೇರಿ ಗೋಡೌನಿಗೆ ಶೆಡ್ಡು ಎಬ್ಬಿಸಿದ. ಹರಿಯುವ ನೀರಿಗೆ ಅಕ್ಕ ಯಾರು, ತಮ್ಮ ಯಾರು? ಕಾಲುವೆ ಮುಚ್ಚಿದ ಮೇಲೆ ಮಳೆನೀರು ತಗ್ಗು ಹುಡುಕಿಕೊಂಡು ನೇರ ಆಂಜನಮ್ಮನ ಮನೆಗೆ ನುಗ್ಗಿತು. ಸಕ್ಕರೆ ಕಾಯಿಲೆಯ ದೊಡ್ಡಮುನಿಯಪ್ಪ ಆ ಕೊಚ್ಚೆಯಲ್ಲೇ ಓಡಾಡಿದ. ಕಾಲಿನ ಗಾಯ ಕೀವಾಗಿ ಹೆಬ್ಬೆರಳು ತೆಗೆಸಬೇಕಾಯಿತು. ಇನ್ನೊಂದು ಮಳೆಗಾಲ ಹೀಗೇ ಆದರೆ ಕಾಲೇ ಉಳಿಯುವುದಿಲ್ಲ ಅಂದರು ಡಾಕ್ಟರು.

ತಮ್ಮನಿಗೇ ಒಂದು ಮಾತು ಹೇಳಬಾರದಿತ್ತೇ ಅಂತ ನೀವು ಕೇಳಬಹುದು. ಹೇಳುವುದು ಸುಲಭ. ಆದರೆ ಆ ಕಡೆಯ ಹಳ್ಳಿಗಳಲ್ಲಿ ಹಕ್ಕು ಬಿಟ್ಟುಕೊಟ್ಟ ಮಗಳು ತವರಿನ ಜಮೀನಿನ ವಿಷಯಕ್ಕೆ ತುಟಿ ಪಿಟಕ್ ಅನ್ನುವ ಹಾಗಿಲ್ಲ. ಅಲ್ಲಿ ಯಾಕೆ ಶೆಡ್ಡು ಅಂದರೂ ಸಾಕು, ನನ್ನ ಪಾಲೆಲ್ಲಿ ಅಂದಂತೆಯೇ ಕೇಳಿಸುತ್ತದೆ. ಹೇಳಲೇಬೇಕು ಅಂತ ಹೊರಟು, ತಮ್ಮನ ಮನೆಯಲ್ಲಿ ಕಾಫಿ ಕುಡಿದು, ಅವರಿವರ ಸುದ್ದಿ ಮಾತಾಡಿ ವಾಪಸು ಬಂದದ್ದೂ ಉಂಟು.

ಮಹಡಿಯ ಬಾಡಿಗೆ ಮನೆಯಲ್ಲಿ ದಾವಣಗೆರೆ ಕಡೆಯ ರಶ್ಮಿ ಇದ್ದಳು, ಕಂಪ್ಯೂಟರ್ ಕಂಪನಿಯ ಹುಡುಗಿ. ಕಾಲುವೆಗಳನ್ನು ನೋಡಿಕೊಳ್ಳುವ ಇಲಾಖೆ ಹೊಸದಾಗಿ ವೆಬ್‌ಸೈಟ್ ತೆರೆದಿದೆ, ಕೂತಲ್ಲೇ ದೂರು ಕೊಡಬಹುದು ಅಂದವಳು ಅವಳೇ. ಆಂಜನಮ್ಮನಿಗೆ ಬೇಕಾದದ್ದು ಒಂದೇ. ನೀರು ಹೋಗಬೇಕು, ತಮ್ಮನಿಗೆ ಮಾತ್ರ ತಿಳಿಯಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇಬ್ಬರೂ ಸೈಬರ್ ಸೆಂಟರಿಗೆ ಹೋದರು. ಹೆಸರು, ಮನೆ ನಂಬರು, ಫೋನ್ ನಂಬರು ತುಂಬದಿದ್ದರೆ ದೂರು ಮುಂದಕ್ಕೇ ಹೋಗುವುದಿಲ್ಲ ಅಂದಾಗ ಆಂಜನಮ್ಮ ಎದ್ದೇ ಬಿಟ್ಟಳು. ರಶ್ಮಿ ಅವಳ ಸೆರಗು ಹಿಡಿದು ಕೂರಿಸಿ, ಪುಟದ ತಳದಲ್ಲಿ ಬರೆದದ್ದನ್ನು ಓದಿದಳು: ಈ ತಾಣಕ್ಕೆ ಭೇಟಿ ನೀಡುವವರ ವೈಯಕ್ತಿಕ ಮಾಹಿತಿಯನ್ನು ಗೌಪ್ಯವಾಗಿ ಇಡಲಾಗುವುದು, ಯಾರಿಗೂ ನೀಡಲಾಗುವುದಿಲ್ಲ.

ಆಂಜನಮ್ಮ ಇನ್ನೊಂದು ಸಲ ಓದಿಸಿದಳು. ಪುಟದ ಮೇಲಿದ್ದ ಸರ್ಕಾರದ ಮುದ್ರೆ ನೋಡಿ ಅದಕ್ಕೊಂದು ಕೈ ಮುಗಿದಳು. ಆಮೇಲೆ ಹೆಸರು ಹೇಳಿದಳು.

ಮಾರನೇ ವರ್ಷ ಗೌರಿಹಬ್ಬ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಮುನೀಂದ್ರ ಬಂದ. ಚಪ್ಪಲಿ ಬಿಡಲಿಲ್ಲ, ಹೊಸ್ತಿಲು ದಾಟಲಿಲ್ಲ. ಆ ವೆಬ್‌ಸೈಟಿನಲ್ಲೇ ಇನ್ನೊಂದು ಪುಟದಲ್ಲಿ, ಯಾರು ಯಾರ ಮೇಲೆ ದೂರು ಕೊಟ್ಟಿದ್ದಾರೆ ಅಂತ ಹೆಸರು, ಮನೆ, ಫೋನಿನ ಸಮೇತ ಲೋಕಕ್ಕೆಲ್ಲ ತೆರೆದಿಟ್ಟಿದ್ದರು. ಅವನ ಪಾಲುದಾರ ಅದನ್ನು ನೋಡಿ, ಊರಿನ ಹೋಟೆಲಿನಲ್ಲಿ ಹತ್ತು ಜನರ ಎದುರು ಗಟ್ಟಿಯಾಗಿ ಹೇಳಿ ನಕ್ಕಿದ್ದ.

"ಅಕ್ಕ, ನಿಂಗೆ ಪಾಲು ಬೇಕಿತ್ತಾ?" ಅಂದ ಮುನೀಂದ್ರ.

ಆಂಜನಮ್ಮ ಹೊಸ್ತಿಲಿಗೆ ಬಂದಳು. "ಇಲ್ಲ ಕಣೋ. ನೀರು ನುಗ್ತಿತ್ತು. ನಿಮ್ ಭಾವನ ಕಾಲು..."

"ಭಾವನ ಕಾಲು ಅಂತ ಒಂದ್ ಮಾತು ಅಂದಿದ್ರೆ ನಾನೇ ಜೆಸಿಬಿ ತರಿಸ್ತಿದ್ದೆ. ನೀನು ಊರಿಗೆಲ್ಲ ಡಂಗುರ ಹೊಡೆಸಿದೀಯ."

"ನಾನು ಊರಿಗೆ ಹೇಳ್ಲಿಲ್ಲ. ಗೌರ್ಮೆಂಟಿಗೆ ಗುಟ್ಟಾಗಿ ಹೇಳಿದ್ದು."

"ನನ್ನತ್ರ ಇಲ್ದಿರೋ ಗುಟ್ಟು ಗೌರ್ಮೆಂಟ್ ಹತ್ರ ಏನಕ್ಕ ನಿಂಗೆ?" ಅಂದು ಅವನು ಬೈಕು ಹತ್ತಿದ. ನಿಜಕ್ಕೂ ಜೆಸಿಬಿ ತರಿಸುತ್ತಿದ್ದನೋ ಇಲ್ಲವೋ, ಇನ್ನು ತಿಳಿಯುವ ದಾರಿ ಇರಲಿಲ್ಲ.

ರಶ್ಮಿ ರಜೆ ಹಾಕಿ ಆಂಜನಮ್ಮನನ್ನು ಶಿವಾಜಿನಗರದ ಹತ್ತಿರ ಇದ್ದ ಆ ಇಲಾಖೆಯ ಕಚೇರಿಗೆ ಕರೆದುಕೊಂಡು ಹೋದಳು. ಸಾಹೇಬರು ಒಳ್ಳೆಯವರೇ, ಕುರ್ಚಿ ಹಾಕಿಸಿದರು. ಇದು ಪಾರದರ್ಶಕ ಆಡಳಿತ, ನಮ್ಮ ವೆಬ್‌ಸೈಟನ್ನು ಮೇಲಿನವರೆಲ್ಲ ಹೊಗಳಿದ್ದಾರೆ ಅಂತ ಹೆಮ್ಮೆಯಿಂದ ವಿವರಿಸಿದರು. ಗೌಪ್ಯ ಅಂತ ನೀವೇ ಬರೆದಿದ್ದೀರಲ್ಲ ಸಾರ್ ಅಂತ ರಶ್ಮಿ ತಡೆದಾಗ ಸಾಹೇಬರು ಮುಗುಳ್ನಕ್ಕರು.

"ಅದು ಸುಮ್ನೆ ನೋಡ್ಕೊಂಡು ಹೋಗೋವ್ರಿಗೆ ಕಣಮ್ಮ. ಇವರು ದೂರು ಕೊಟ್ಟಿದ್ದಾರಲ್ಲ."

ಸುಮ್ಮನೆ ನೋಡಿಕೊಂಡು ಹೋಗುವವನಿಗೆ ಮುಚ್ಚಿಡಲು ಏನು ಸುಡುಗಾಡು ಇರುತ್ತದೆ? ಬಾಯಿಬಿಟ್ಟವರ ಗುಟ್ಟಿಗೆ ಬಾಗಿಲಿಲ್ಲ, ಬಾಯಿ ಮುಚ್ಚಿಕೊಂಡವರ ಗುಟ್ಟಿಗೆ ಬೀಗ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಹೆಸರನ್ನಾದರೂ ತೆಗೆಯಿರಿ ಅಂದರೆ, ಅದಕ್ಕೆ ಆ ವೆಬ್‌ಸೈಟಿನಲ್ಲೇ ಮತ್ತೊಂದು ಮನವಿ ಕೊಡಬೇಕು ಅಂದರು. ಹೆಸರು, ಮನೆ ನಂಬರು, ಫೋನ್ ನಂಬರು ತುಂಬಿ. ಕಾಲುವೆಯ ಕಥೆ ಏನಾಯಿತು ಅಂತ ಕೇಳಿದ್ದಕ್ಕೆ ಕಂಪ್ಯೂಟರ್ ನೋಡಿ, ನಿಮ್ಮ ದೂರು ವಿಲೇವಾರಿ ಆಗಿದೆ ಅಂದರು. ಮಣ್ಣು ಹಾಕಿದಲ್ಲೇ ಇತ್ತು, ಶೆಡ್ಡಿಗೆ ಬಣ್ಣವೂ ಬಿದ್ದಿತ್ತು.

ಬಸ್ಸಿನಲ್ಲಿ ರಶ್ಮಿ ಅತ್ತಳು. ಓದಿ ಹೇಳಿದವಳು ನಾನೇ ಅಲ್ವಾ ಆಂಟಿ ಅಂದಳು. ನೀನು ಇದ್ದದ್ದನ್ನ ಓದಿದೆ, ಬರೆದವರು ಅಳಬೇಕು ಅಂದಳು ಆಂಜನಮ್ಮ. ಅವಳಿಗೆ ಹುಡುಗಿಯ ಮೇಲೆ ಸಿಟ್ಟಿರಲಿಲ್ಲ. ಇದ್ದ ಸಿಟ್ಟೆಲ್ಲ ಆ ಮುದ್ರೆಗೆ ಕೈ ಮುಗಿದ ತನ್ನ ಮೇಲೇ. ಪಾಲು ಬಿಟ್ಟುಕೊಟ್ಟು ಉಳಿಸಿಕೊಂಡ ತವರನ್ನು ಒಂದು ಹೆಸರು ಹೇಳಿ ಕಳೆದುಕೊಂಡಿದ್ದಳು.

ಹಬ್ಬದ ಹಿಂದಿನ ದಿನ ಬೆಳಗಿನಿಂದ ಅವಳು ಬಾಗಿಲಲ್ಲೇ ಕೂತಳು. ಬೀದಿಗೆ ಬೈಕುಗಳು ಬಂದವು, ಬೇರೆ ಮನೆಗಳ ಮುಂದೆ ನಿಂತವು. ಒಳಗಿಂದ ದೊಡ್ಡಮುನಿಯಪ್ಪ, ಊಟಕ್ಕಾದರೂ ಏಳು ಮಾರಾಯ್ತಿ ಅಂದ. ಮಧ್ಯಾಹ್ನ ಕಳೆದ ಮೇಲೆ ಎದ್ದು, ಸೀರೆ ಬದಲಾಯಿಸಿ, ಗುರುತಿನವರು ಸಿಗದಷ್ಟು ದೂರ ಇರಲಿ ಅಂತ ಬಸ್ಸು ಹತ್ತಿ ಹಲಸೂರಿನ ಪೇಟೆಗೆ ಹೋದಳು. ಮೊರದ ಜೋಡಿ ಕೊಂಡಳು. ರವಿಕೆ ಕಣ, ಬಿಚ್ಚೋಲೆ ಕೊಂಡಳು. ಬಳೆಯಂಗಡಿಯಲ್ಲಿ ಕೈ ಚಾಚಿದರೆ, ಅಳತೆ ಎಷ್ಟಮ್ಮ ಅಂತ ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಅಂಗಡಿಯವನೇ ನೋಡಿ ಹಸಿರು ಬಳೆ ಏರಿಸಿದ.

ಬೀದಿಗೆ ಬಂದಾಗ ಎದುರು ಮನೆಯ ವೆಂಕಟಮ್ಮ ರಂಗೋಲಿ ಬಿಡುತ್ತಿದ್ದಳು. ಅವಳೂ ಮಹದೇವಪುರದ ಮಗಳೇ, ಹೋಟೆಲಿನಲ್ಲಿ ನಡೆದದ್ದು ಅವಳ ಕಿವಿಗೆ ಬೀಳದೆ ಇರುವಂಥದ್ದಲ್ಲ. ಸೆರಗಿನಡಿಯ ಮೊರ ನೋಡಿ, ಬಾಗಿನ ಬಂತಾ ಅಂದಳು.

"ಹೂಂ. ತಮ್ಮ ಬಸ್‌ಸ್ಟಾಂಡ್ ಹತ್ರಾನೇ ಕೊಟ್ಟು ಹೋದ. ಅವನಿಗೆ ಅರ್ಜೆಂಟಿತ್ತು," ಅಂದಳು ಆಂಜನಮ್ಮ.

ವೆಂಕಟಮ್ಮ ರಂಗೋಲಿ ಪುಡಿಯ ಕೈ ಒರೆಸಿಕೊಂಡು ಬಂದು, ಆಂಜನಮ್ಮನ ಕೈ ಹಿಡಿದು, ಮಣಿಕಟ್ಟಿನಲ್ಲಿ ಸಡಿಲವಾಗಿ ಜಾರುತ್ತಿದ್ದ ಬಳೆಗಳನ್ನು ಮೇಲಕ್ಕೆ ಸರಿಸಿದಳು.

"ಏನೇ ಅನ್ನಿ, ನಿಮ್ಮ ತಮ್ಮ ನಿಮ್ಮ ಕೈ ಅಳತೆ ಮರ್ತಿಲ್ಲ ನೋಡಿ," ಅಂದಳು.

ಆಂಜನಮ್ಮ ಹೌದು ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.