ಒಂದು ಮನೆಗೆ ಒಂದೇ ನಂಬರು

ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್. ಇಷ್ಟು ಒತ್ತಿದರೆ ಫೋನು ತನ್ನ ಹದಿನೈದು ಅಂಕಿಯ ಗುರುತಿನ ನಂಬರನ್ನು ತಾನೇ ತೋರಿಸುತ್ತದೆ. ಅದು ಕರೆ ಮಾಡುವ ನಂಬರಲ್ಲ, ಸಿಮ್ಮಿನದೂ ಅಲ್ಲ. ಆ ಸೆಟ್ಟಿಗೇ ಅಂತ ಕೊಟ್ಟ ನಂಬರು, ಇಡೀ ಲೋಕದಲ್ಲಿ ಒಂದರದು ಇನ್ನೊಂದಕ್ಕೆ ಇರಕೂಡದು. ಎರಡು ಸಾವಿರದ ಒಂಬತ್ತರ ಕೊನೆಯಲ್ಲಿ ಒಂದು ಬೆಳಿಗ್ಗೆ, ತುರುವೇಕೆರೆಯ ನನ್ನ ಅಂಗಡಿಗೆ ಬಂದ ಗಿರಾಕಿಗಳ ಇಪ್ಪತ್ತು ಫೋನುಗಳನ್ನು ಸಾಲಾಗಿ ಇಟ್ಟುಕೊಂಡು ಇದನ್ನು ಒತ್ತಿ ನೋಡಿದೆ. ಹನ್ನೊಂದರಲ್ಲಿ ಬರೀ ಸೊನ್ನೆಗಳು. ಉಳಿದ ಒಂಬತ್ತರಲ್ಲಿ ಒಂದಂಕಿಯೂ ಹೆಚ್ಚುಕಡಿಮೆಯಿಲ್ಲದೆ ಒಂದೇ ನಂಬರು.  ಎಲ್ಲವೂ ಚೈನಾ ಸೆಟ್ಟುಗಳು, ಎಲ್ಲವನ್ನೂ ಮಾರಿದವಳು ನಾನೇ.

ನನಗೆ ಆ ಅಂಗಡಿ ಸಿಕ್ಕಿದ್ದೇ ಕಾಲಿನ ದೆಸೆಯಿಂದ. ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ಎಡಗಾಲು ಸಣ್ಣಗಾಯಿತು. ತೊಂಬತ್ತರ ದಶಕದಲ್ಲಿ ಅಂಗವಿಕಲರ ಕೋಟಾದಲ್ಲಿ ಎಸ್‌ಟಿಡಿ ಬೂತು ಕೊಟ್ಟರು. ಮೊಬೈಲು ಬಂದ ಮೇಲೆ ಬೂತಿಗೆ ನೊಣ ಕೂಡ ಬರಲಿಲ್ಲ. ನಾನು ಅಳುತ್ತ ಕೂರುವವರ ಪೈಕಿಯಲ್ಲ. ತಿಪಟೂರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಒಬ್ಬ ಸಾಹೇಬರ ಹತ್ತಿರ ಆರು ತಿಂಗಳು ಬಸ್ಸಿನಲ್ಲಿ ಓಡಾಡಿ ಬೆಸುಗೆ ಹಾಕುವುದನ್ನು ಕಲಿತೆ. ಬೂತಿನ ಗಾಜು ತೆಗೆಸಿ ಮೊಬೈಲ್ ಅಂಗಡಿ ಮಾಡಿದೆ. ಕಾಲು ಸಣ್ಣದಾದರೇನು, ಬಾಯಿ ಸರಿಯಾಗಿದೆ ಅಂತ ಬಸ್‌ಸ್ಟ್ಯಾಂಡಿನವರು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ.

ನಮ್ಮ ಕಡೆಯವರಿಗೆ ಚೈನಾ ಸೆಟ್ಟು ಅಂದರೆ ಪ್ರಾಣ. ಎರಡು ಸಿಮ್ಮು ಹಾಕಬಹುದು, ಟಾರ್ಚು ಇದೆ, ರಿಂಗು ಹೊಡೆದರೆ ತೋಟದ ಆಚೆ ಕೊನೆಯಲ್ಲಿ ಕಾಯಿ ಸುಲಿಯುತ್ತಿದ್ದವನಿಗೂ ಕೇಳಿಸುತ್ತದೆ. ಹೀಗಿರುವಾಗ ಸರ್ಕಾರದ ಆರ್ಡರು ಬಂತು: ಗುರುತಿನ ನಂಬರು ಇಲ್ಲದ ಸೆಟ್ಟುಗಳಿಗೆ ಇನ್ನು ಮೇಲೆ ಸಿಗ್ನಲ್ ಇಲ್ಲ. ಕಳ್ಳರು, ಬಾಂಬಿನವರು ಅವನ್ನು ಬಳಸಿದರೆ ಪತ್ತೆಯಾಗುವುದಿಲ್ಲವಂತೆ. ಬೇಕಾದವರು ಸರ್ಕಾರ ಗೊತ್ತುಮಾಡಿದ ಸೆಂಟರಿನಲ್ಲಿ ಅಸಲಿ ನಂಬರು ಹಾಕಿಸಿಕೊಳ್ಳಬೇಕು. ನಾನು ತುಮಕೂರಿನ ಸೆಂಟರಿಗೆ ಹೋಗಿ ಕೇಬಲ್ಲು, ಸಾಫ್ಟ್‌ವೇರು ತಂದೆ. ಆದರೆ ನಂಬರು ಕೊಡಬೇಕಲ್ಲ! ಸಣ್ಣ ಅಂಗಡಿಯವರಿಗೆ ಸೆಂಟರಿನವರು ರೇಷನ್ ಸಕ್ಕರೆ ಅಳೆದ ಹಾಗೆ ಅಳೆದು ಕೊಡುತ್ತಿದ್ದರು. ನನಗೆ ಸಿಕ್ಕಿದ್ದು ನಲವತ್ತು. ಅಂಗಡಿ ಮುಂದೆ ನಿಂತ ಸಾಲು ಬಸ್‌ಸ್ಟ್ಯಾಂಡಿನ ಗೇಟಿನವರೆಗೆ ಇತ್ತು. ಬರೀ ಅಂಕಿಗೂ ಬರ ಬರುತ್ತದೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆ ಸಾಲಿನಲ್ಲಿ ದಂಡಿನಶಿವರದ ಕಡೆಯ ಒಂದು ಹಳ್ಳಿಯ ಯಜಮಾನರೊಬ್ಬರಿದ್ದರು. ವಿಭೂತಿ ಹಚ್ಚಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬರುತ್ತಿದ್ದ ಹಿರಿಯರು. ಅವರದು ಒಟ್ಟು ಕುಟುಂಬ, ನಾಲ್ಕು ಜನ ಅಣ್ಣತಮ್ಮಂದಿರು. ತೋಟವೆಲ್ಲ ಯಜಮಾನರ ಹೆಸರಿನಲ್ಲೇ, ಒಲೆಯೂ ಒಂದೇ. ಅವರು ಟವೆಲ್ಲಿನ ಗಂಟು ಬಿಚ್ಚಿ ನಾಲ್ಕು ಸೆಟ್ಟುಗಳನ್ನು ನನ್ನ ಮುಂದೆ ಇಟ್ಟರು.

"ನಾಲ್ಕು ನಂಬರು ಕೊಡಾಕಾಗಲ್ಲ ಯಜಮಾನ್ರೇ. ಹಿಂದೆ ಎಷ್ಟು ಜನ ನಿಂತವ್ರೆ ನೋಡಿ," ಅಂದೆ.

"ನಾಲ್ಕು ಯಾಕವ್ವ? ನಾವೇನು ಭಾಗ ಆಗಿದೀವಾ? ಜಮೀನಿನ ಪಾಣಿ ಒಂದೇ, ರೇಷನ್ ಕಾರ್ಡು ಒಂದೇ. ಒಂದು ಮನೆಗೆ ಒಂದು ನಂಬರು ಸಾಕು, ಅದನ್ನೇ ನಾಲ್ಕಕ್ಕೂ ಹಾಕು." ಆಮೇಲೆ ನಕ್ಕು, "ನೂರು ಕಾಯಿ ತಗಂಡ್ರೆ ಕೊಸರು ಹಾಕಲ್ವಾ? ಮೂರು ಸೆಟ್ಟು ಕೊಸರು ಅಂದ್ಕ," ಅಂದರು.

ನನಗೂ ನಗು ಬಂತು. ನಗುವಿನ ಜೊತೆಗೆ ಬುದ್ಧಿಯೂ ಬಂತು ಅಂದುಕೊಂಡೆ. ಹೌದಲ್ಲ, ಒಬ್ಬೊಬ್ಬರಿಗೆ ಒಂದು ಅಂತ ಕೂತರೆ ಊರಿಗೆ ಸಾಲುವುದಿಲ್ಲ, ಮನೆಗೊಂದು ಅಂತ ಹಂಚಿದರೆ ಎಲ್ಲರ ಫೋನೂ ಉಳಿಯುತ್ತದೆ. ನೆಟ್‌ವರ್ಕಿನವರು ನೋಡುವುದು ನಂಬರು ಇದೆಯೋ ಇಲ್ಲವೋ ಅಂತ ಮಾತ್ರ ತಾನೆ? ನಾಲ್ಕಕ್ಕೂ ಒಂದೇ ನಂಬರು ಬರೆದೆ. ಪುಸ್ತಕದಲ್ಲಿ ಆ ನಂಬರಿನ ಮುಂದೆ ನಾಲ್ಕು ಹೆಸರನ್ನೂ ಗುಂಡಗೆ ಬರೆದುಕೊಂಡೆ. ಸಂಜೆಯೊಳಗೆ ಇಡೀ ಸಾಲನ್ನು ಹಾಗೇ ಮುಗಿಸಿದೆ. ಮುಂದಿನ ವಾರ ಬೇರೆ ಊರುಗಳಲ್ಲಿ ಚೈನಾ ಸೆಟ್ಟುಗಳೆಲ್ಲ ಸತ್ತು ಬಿದ್ದಾಗ ನಮ್ಮ ಗಿರಾಕಿಗಳ ಫೋನುಗಳು ಕೋಳಿ ಕೂಗಿದ ಹಾಗೆ ಕೂಗುತ್ತಲೇ ಇದ್ದವು. ನನ್ನ ಜಂಬ ಕೇಳಬೇಡಿ. ಓದಿದವರಿಗೆ ಹೊಳೆಯದ್ದು ಈ ಕುಂಟಿಗೆ ಹೊಳೆಯಿತಲ್ಲ ಅಂತ ಬೀಗಿದ್ದೇ ಬೀಗಿದ್ದು.

ಎರಡು ತಿಂಗಳಾದ ಮೇಲೆ ಆ ಮನೆಯ ಕೊನೆಯ ತಮ್ಮ ಅಂಗಡಿಗೆ ಬಂದ. ತಿಪಟೂರಿನ ಮಾರ್ಕೆಟ್ಟಿನಲ್ಲಿ ಕೊಬ್ಬರಿ ಚೀಲ ಇಳಿಸುವಾಗ ಯಾರೋ ಅವನ ಅಂಗಿ ಜೇಬಿನಿಂದ ಫೋನು ಎಗರಿಸಿದ್ದರು. "ಸ್ಟೇಷನ್ನಲ್ಲಿ ಸೆಟ್ಟಿನ ನಂಬರು ಕೇಳ್ತಾವ್ರೆ ಅಕ್ಕ. ನಿನ್ ಪುಸ್ತಕದಲ್ಲಿ ಐತಲ್ಲ, ಬರ್ಕೊಡು," ಅಂದ. ನಾನು ಪುಸ್ತಕ ತೆಗೆದು, ಬೆರಳಿಟ್ಟು ಹುಡುಕಿ, ಹದಿನೈದು ಅಂಕಿಯನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಅದೇ ಸಾಲಿನಲ್ಲಿ ಇನ್ನೂ ಮೂರು ಹೆಸರಿದ್ದವು, ನನ್ನದೇ ಅಕ್ಷರ, ನನ್ನದೇ ಕಣ್ಣು. ನೋಡಿಯೂ ನೋಡಲಿಲ್ಲ. ಇವತ್ತು ನೆನೆಸಿಕೊಂಡರೂ ನನ್ನ ತಲೆಗೆ ನಾನೇ ಮೊಟಕಬೇಕು ಅನ್ನಿಸುತ್ತದೆ.

ಹದಿನೈದು ದಿನ ಕಳೆದಿರಬೇಕು. ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಆ ಮನೆಯ ಎರಡನೆಯವನು ಫೋನು ಮಾಡಿದ. ಅವನು ಮಾತು ಕಡಿಮೆಯ ಮನುಷ್ಯ. ಅವತ್ತು ಒಂದೇ ಉಸಿರಿಗೆ ಹೇಳಿದ.

"ಅಕ್ಕಾ, ಅಣ್ಣನ್ನ ಪೊಲೀಸ್ನೋರು ಕರ್ಕೊಂಡೋದ್ರು. ಕದ್ದಿರೋ ಫೋನು ಅಣ್ಣನ ಕೈಲೇ ಐತಂತೆ. ಕಂಪ್ಲೇಂಟ್ ಕೊಟ್ಟಿರೋನು ನಮ್ ಚಿಕ್ಕೋನೇ! ಕಾಗದದಲ್ಲಿ ಅವನ ಸೈನು ತೋರ್ಸಿದ್ರು. ಅವನು ತಿಪಟೂರಿಗೆ ಹೋಗವ್ನೆ, ಕೇಳಾನ ಅಂದ್ರೆ ಅವನತ್ರ ಫೋನೇ ಇಲ್ಲ. ಏನಕ್ಕಾ ಇದು?"

ಆಗ ಗೊತ್ತಾಯಿತು. ಪೊಲೀಸರು ಆ ನಂಬರನ್ನು ಕಂಪನಿಗೆ ಕಳಿಸಿದ್ದಾರೆ. ಆ ನಂಬರಿನ ಸೆಟ್ಟು ಯಾವ ಸಿಮ್ಮಿನಲ್ಲಿ ಓಡುತ್ತಿದೆ ಅಂತ ಕಂಪನಿ ಹೇಳಿದೆ. ಆ ಪಟ್ಟಿಯಲ್ಲಿ ಮೊದಲು ಬಂದ ಸಿಮ್ಮು ಯಜಮಾನರದು. ಅವರು ತಮ್ಮದೇ ಫೋನನ್ನು ಜೇಬಿನಲ್ಲಿಟ್ಟುಕೊಂಡು, ತಮ್ಮನ ಫೋನಿನ ಕಳ್ಳರಾಗಿ ಸಿಕ್ಕಿಬಿದ್ದಿದ್ದಾರೆ. ಪುಸ್ತಕ ತೆರೆದು ನೋಡಿದೆ. ಗುಂಡನೆಯ ನಾಲ್ಕು ಹೆಸರು. 

"ನೋಡ್ತೀನಿ ಇರಿ," ಅಂತ ಫೋನು ಇಟ್ಟೆ. ನೋಡುವುದೇನಿತ್ತು? ಹೋಗಿ ತಪ್ಪು ನನ್ನದು ಅನ್ನಬೇಕಿತ್ತು. ಆದರೆ ಹಾಗಂದರೆ ಒಂದು ಮನೆಯ ಕಥೆ ಅಲ್ಲ, ಇಡೀ ಸಾಲಿನ ಕಥೆ ಬಿಚ್ಚಿಕೊಳ್ಳುತ್ತದೆ. ಅಂಗಡಿಗೆ ಬೀಗ ಬಿದ್ದರೆ ಈ ಕಾಲಿಟ್ಟುಕೊಂಡು ನಾನು ಎಲ್ಲಿಗೆ ಹೋಗಲಿ? ಗಿರಾಕಿ ಬಂದರೆ ಇಲ್ಲ ಅಂದು ಕಳಿಸಿದೆ. ಪುಸ್ತಕವನ್ನು ಒಲೆಗೆ ಹಾಕಿದರೆ ಹೇಗೆ ಅಂತಲೂ ಯೋಚಿಸಿದೆ. ತಮ್ಮ ವಾಪಸು ಬಂದರೆ ತಾನೇ ಸರಿಹೋಗುತ್ತದೆ ಬಿಡು ಅಂತಲೂ ಸಮಾಧಾನ ಮಾಡಿಕೊಂಡೆ. ಮೂರು ಗಂಟೆಗೆ ತಡೆಯಲಾಗದೆ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆಟೋ ಹತ್ತಿದೆ.

ಯಜಮಾನರು ಠಾಣೆಯ ಗೋಡೆ ಬದಿಯ ಬೆಂಚಿನ ಮೇಲೆ ಕೂತಿದ್ದರು. ಯಾರೂ ಹೊಡೆದಿರಲಿಲ್ಲ, ಬೈದಿರಲೂ ಇಲ್ಲ. ಆದರೆ ಅವರು ತಲೆ ಎತ್ತಲಿಲ್ಲ. ಎರಡನೆಯವನು ಹೊರಗೆ ಕಟ್ಟೆಯ ಮೇಲಿದ್ದ. ನಾನು ಸಬ್‌ಇನ್ಸ್‌ಪೆಕ್ಟರ ಮುಂದೆ ನಿಂತು, "ಸಾರ್, ಅವರು ಕದ್ದಿಲ್ಲ," ಅಂದೆ.

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಏನಮ್ಮಾ ನೀವು ಹೇಳೋದು? ಅವರೇ ಒಪ್ಕೊಂಡಿದಾರೆ."

 ಒಪ್ಪಿಕೊಂಡಿದ್ದಾರೆ? ನನ್ನ ಅಂಗಡಿಯಲ್ಲೇ ಕೊಂಡ ಫೋನನ್ನು ಕದ್ದೆ ಅಂತ ಒಪ್ಪಿಕೊಂಡಿದ್ದಾರೆ? ಹೇಳಿಕೆ ಬರೆದಾಗಿತ್ತು, ಕೆಳಗೆ ರುಜು ಹಾಕುವುದಷ್ಟೇ ಬಾಕಿ ಇತ್ತು.

ಬಾಯಲ್ಲಿ ಹೇಳಿದರೆ ಆಗುವ ಕೆಲಸವಲ್ಲ ಅಂತ ಯಜಮಾನರ ಫೋನು ಕೇಳಿ ಇಸಿದುಕೊಂಡು ಸ್ಟಾರ್ ಹ್ಯಾಶ್ ಒತ್ತಿ ತೋರಿಸಿದೆ. ಹೊರಗಿದ್ದ ಎರಡನೆಯವನನ್ನು ಕರೆದು ಅವನದನ್ನೂ ಒತ್ತಿದೆ. ಅದೇ ಹದಿನೈದು ಅಂಕಿ. ಪುಸ್ತಕ ಬಿಚ್ಚಿಟ್ಟೆ. ಸಬ್‌ಇನ್ಸ್‌ಪೆಕ್ಟರು ಎರಡೂ ಫೋನನ್ನು ಅಕ್ಕಪಕ್ಕ ಹಿಡಿದು ಒಂದೊಂದೇ ಅಂಕಿಯನ್ನು ಓದಿದರು. ಆಮೇಲೆ ಸುಮ್ಮನೆ ತಮ್ಮ ಜೇಬಿನ ಫೋನು ತೆಗೆದು ಅದಕ್ಕೂ ಒತ್ತಿ ನೋಡಿಕೊಂಡರು. "ನಿಮ್ಮ ಮೇಲೆ ಯಾವ ಕೇಸು ಹಾಕಬೇಕು ಅಂತಾನೇ ತಿಳೀತಿಲ್ಲ ಕಣಮ್ಮಾ," ಅಂದು ಬೈದರು. ಬೈಗುಳ ಸಾಲದು ಅನ್ನಿಸುವಷ್ಟು ನಾನು ಕುಗ್ಗಿಹೋಗಿದ್ದೆ. ನನ್ನಿಂದ ಹೇಳಿಕೆ ಬರೆಸಿಕೊಂಡರು, ಎಲ್ಲರ ಸೆಟ್ಟನ್ನೂ ಕರೆಸಿ ಸರಿ ಮಾಡಿಕೊಡಬೇಕು ಅಂತ ತಾಕೀತು ಮಾಡಿದರು, ಪುಸ್ತಕ ಇಟ್ಟುಕೊಂಡರು. ಯಜಮಾನರ ಹೇಳಿಕೆಯನ್ನು ನಮ್ಮ ಮುಂದೆಯೇ ಹರಿದರು.

ಅಷ್ಟರಲ್ಲಿ ಕೊನೆಯ ತಮ್ಮ ತಿಪಟೂರಿನಿಂದ ಬಂದವನು ಊರಿನಲ್ಲಿ ಸುದ್ದಿ ಕೇಳಿ ಓಡಿ ಬಂದ. ಬಾಗಿಲಲ್ಲೇ ಅಳಲು ಶುರುಮಾಡಿದ. ಅವನಿಗೆ ಎಲ್ಲ ಬಿಡಿಸಿ ಹೇಳಿ ಮುಗಿಸಿದ ಮೇಲೆ, ಠಾಣೆಯ ಹೊರಗೆ ಹುಣಸೆ ಮರದ ಕೆಳಗೆ ನಿಂತು ನಾನು ಯಜಮಾನರನ್ನು ಕೇಳಿಯೇಬಿಟ್ಟೆ. ಕೇಳದೆ ಇರಲು ನನ್ನ ಬಾಯಿಗೆ ಬರುವುದಿಲ್ಲ.

"ಮಾಡದ ಕಳ್ಳತನ ಯಾಕೆ ಒಪ್ಕೊಂಡ್ರಿ ಯಜಮಾನ್ರೇ?"

ಅವರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. "ತಮ್ಮನೇ ಸೈನು ಹಾಕವ್ನೆ ಅಂದ್ರು. ಏನೋ ಹೊಟ್ಟೇಲಿ ಉರಿ ಇಟ್ಕಂಡವ್ನೆ, ನನಗೆ ತಿಳೀಲಿಲ್ಲ ಅಂದ್ಕಂಡೆ. ಇಬ್ರೂ ಸ್ಟೇಷನ್ನಲ್ಲಿ ನಿಂತ್ಕಂಡು ನೀನು ಸುಳ್ಳು, ನಾನು ಸುಳ್ಳು ಅಂದ್ರೆ ಅವತ್ತೇ ಮನೆ ಮುರಿದೋಯ್ತದೆ. ನಾನೊಬ್ಬ ಕಳ್ಳ ಆದ್ರೆ ಮನೆ ಉಳೀತದಲ್ಲ ಕಣವ್ವ."

 ತಮ್ಮ ಅಳು ನಿಲ್ಲಿಸಿ ಅಣ್ಣನ ಮುಖವನ್ನೇ ನೋಡಿದ. "ನಾನು ನಿನ್ ಮೇಲೆ ಕಂಪ್ಲೇಂಟ್ ಕೊಡ್ತೀನಿ ಅಂತ ನಂಬ್ಬುಟ್ಯಾ ಅಣ್ಣಾ?" ಅಂದ. ಯಜಮಾನರು ಟವೆಲ್ಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಅವರು ನಂಬಿದ್ದರು, ಅದು ಅಲ್ಲಿ ನಿಂತಿದ್ದ ನಾಲ್ವರಿಗೂ ಗೊತ್ತಾಗಿತ್ತು. ನಾನು ಮಾಡಿದ ತಪ್ಪನ್ನು ಪೊಲೀಸರು ಹರಿದು ಹಾಕಿದ್ದರು. ಈ ತಪ್ಪನ್ನು ಯಾರು ಹರಿಯಬೇಕೋ ನನಗೆ ತೋಚಲಿಲ್ಲ.

ಕೊನೆಗೆ ಯಜಮಾನರು ನನ್ನ ಕಡೆ ತಿರುಗಿ ಎರಡೂ ಕೈ ಮುಗಿದರು. ಅವರ ವಯಸ್ಸಿನವರು, ನನಗೆ. "ಸುದ್ದಿ ತಿಳಿದ ತಕ್ಷಣ ಅಂಗಡಿ ಮುಚ್ಚಿ ಓಡ್‌ಬಂದ್ಯಲ್ಲ ತಾಯಿ, ಈ ಕಾಲಲ್ಲಿ. ನೀನು ಬರ್ದೆ ಇದ್ದಿದ್ರೆ ರುಜು ಹಾಕ್ಬುಡ್ತಿದ್ದೆ," ಅಂದರು.

ಎರಡನೆಯವನು ಪಕ್ಕದಲ್ಲೇ ನಿಂತಿದ್ದ. ಫೋನು ಮಾಡಿದ್ದು ಹನ್ನೊಂದಕ್ಕೆ, ನಾನು ಬಂದದ್ದು ಮೂರರ ಮೇಲೆ ಅಂತ ಅವನಿಗೆ ಗೊತ್ತಿತ್ತು. ನನ್ನನ್ನು ಒಮ್ಮೆ ನೋಡಿದ, ಅಷ್ಟೇ. ಬಾಯಿ ಬಿಡಲಿಲ್ಲ. ಇಷ್ಟು ದೊಡ್ಡ ಬಾಯಿಯವಳು ನಾನು, ನಾನೂ ಬಿಡಲಿಲ್ಲ.