ಬ್ಯಾಗಿನಲ್ಲಿ ಉಳಿದ ಕರಡಿಗೆ

ಪುಸ್ತಕಗಳಲ್ಲಿ ನಿದ್ದೆಯಲ್ಲಿ ನಡೆಯುವವರು ಒಂದೋ ಪಾಪ ಮಾಡಿದವರು, ಇಲ್ಲವೇ ಹುಚ್ಚರು ಎಂದು ವಿಜಯನಗರದ ಕಾಲೇಜೊಂದರಲ್ಲಿ ಹನ್ನೆರಡು ವರ್ಷ ಪಾಠ ಹೇಳಿದ್ದೇನೆ. ಪರೀಕ್ಷೆಗೆ ಬರುತ್ತೆ, ಅಂಡರ್‌ಲೈನ್ ಮಾಡಿಕೊಳ್ಳಿ ಎಂದೂ ಹೇಳಿದ್ದೇನೆ. ಹಾಗಾಗಿ ಒಂದು ಬೆಳಿಗ್ಗೆ ನನ್ನ ಗಂಡ ಉಪ್ಪಿಟ್ಟು ತಿನ್ನುತ್ತಾ, "ನೀನು ರಾತ್ರಿ ಎದ್ದು ಹಾಲ್‌ನಲ್ಲಿ ಓಡಾಡ್ತಿದ್ದೆ ಕಣೇ. ಕಣ್ಣು ಬಿಟ್ಕೊಂಡೇ ಇದ್ದೆ, ಕರೆದ್ರೆ ಮಾತಿಲ್ಲ" ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಾನು ಯಾವ ಗುಂಪಿನವಳು ಎಂಬುದು ನನಗೆ ಗೊತ್ತಿತ್ತು.

ಮಾವನವರು ಆಸ್ಪತ್ರೆಯಲ್ಲಿದ್ದಾಗ, ಸ್ಕ್ಯಾನಿಂಗ್‌ಗೆ ಮುಂಚೆ ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದಿದ್ದರು. ಅವರ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯನ್ನು, ಒಳಗಿನ ಇಷ್ಟಲಿಂಗದ ಸಮೇತ, ಬಿಚ್ಚಿದವಳು ನಾನು. ನಮ್ಮಲ್ಲಿ ಜೀವ ಇರುವವರೆಗೆ ಲಿಂಗವನ್ನು ಮೈಯಿಂದ ಅಗಲಿಸುವುದಿಲ್ಲ; ಹೋದ ಮೇಲೂ ಎಡ ಅಂಗೈಯಲ್ಲಿಟ್ಟೇ ಸಮಾಧಿ ಮಾಡುತ್ತಾರೆ. "ಐದು ನಿಮಿಷ ಅಷ್ಟೇ ಮಾವ" ಎಂದೆ. ಹೊರಗೆ ತಂದಾಗ ಅವರಿಗೆ ಪ್ರಜ್ಞೆ ಇರಲಿಲ್ಲ. ಸಂಜೆಗೆ ಹೋದರು.

ಸಮಾಧಿಯ ಹೊತ್ತಿಗೆ ವಿಧಿ ಮಾಡಿಸುತ್ತಿದ್ದ ಅಯ್ಯನವರು ಲಿಂಗ ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು. "ಸಿಸ್ಟರ್ ಕೈಗೆ ಕೊಟ್ಟೆ" ಎಂದೆ. ದೇವರಾಣೆಗೂ ಹಾಗೇ ನೆನಪಿತ್ತು. ಮೈದುನ ಆಸ್ಪತ್ರೆಗೆ ಓಡಿ, ಆ ಹುಡುಗಿಯ ಮೇಲೆ ಕೂಗಾಡಿ, ಬರಿಗೈಯಲ್ಲಿ ಬಂದ. ಬೇರೆ ಲಿಂಗ ತರಿಸಿ ಮಾವನವರ ಕೈಯಲ್ಲಿಟ್ಟರು. ಒಂಬತ್ತನೇ ದಿನ ಮೆಟ್ರೋ ಕಾರ್ಡಿಗಾಗಿ ತಡಕಾಡುವಾಗ, ನನ್ನ ಬ್ಯಾಗಿನ ಒಳಜೇಬಿನಲ್ಲೇ ಕರಡಿಗೆ ಸಿಕ್ಕಿತು. ಜಿಪ್ ಎಳೆದು ಕೆಲಸಕ್ಕೆ ಹೋದೆ. ಅಳು ಬರುತ್ತದೇನೋ ಎಂದು ದಿನವಿಡೀ ಕಾದೆ. ಥೂ, ಅದೂ ಬರಲಿಲ್ಲ.

ಅತ್ತೆಗೆ ಹೇಳಬೇಕಿತ್ತು. ಆ ಲಿಂಗದ ಪೂಜೆಗೆ ಮದುವೆಯಾದಾಗಿನಿಂದ ದಿನಾ ಬೆಳಿಗ್ಗೆ ಹೂವು ಬಿಡಿಸಿಕೊಟ್ಟವರು ಅವರು. ಹೇಳಿದರೆ ಮತ್ತೆ ನನ್ನ ಕೈಯ ನೀರು ಕುಡಿಯುತ್ತಾರೋ ಇಲ್ಲವೋ ಎಂಬ ಹೆದರಿಕೆಗೆ ಬಾಯಿ ಕಟ್ಟಿಹೋಯಿತು. ಆಮೇಲೆ ಹೆದರಿಕೆಯೂ ಹೋಗಿ, ಬರೀ ಬಾಯಿ ಕಟ್ಟಿರುವುದೊಂದೇ ಉಳಿಯಿತು.

ಗಂಡನ ಕಾಟ ತಡೆಯದೆ ಬಸವೇಶ್ವರನಗರದಲ್ಲಿ ನಿದ್ದೆಯ ಡಾಕ್ಟರೊಬ್ಬರನ್ನು ಕಂಡೆ. "ಗಾಢ ನಿದ್ದೇಲಿ ಮೆದುಳಿನ ಒಂದು ಭಾಗ ಎದ್ಬಿಡುತ್ತೆ ಮೇಡಂ, ಇನ್ನೊಂದು ಮಲಗೇ ಇರುತ್ತೆ. ನಿದ್ದೆಗೆಟ್ರೆ, ಟೆನ್ಷನ್ ಆದ್ರೆ ಜಾಸ್ತಿ. ಹುಚ್ಚೂ ಅಲ್ಲ, ಪಾಪಾನೂ ಅಲ್ಲ. ಮುಂಬಾಗಿಲಿಗೆ ಚಿಲಕ ಹಾಕ್ಕೊಳ್ಳಿ" ಎಂದರು. ಸಮಾಧಾನ ಆಗಬೇಕಿತ್ತು, ಸಿಟ್ಟು ಬಂತು. ಇಷ್ಟೇನಾ? ಹಾಗಾದರೆ ಹನ್ನೆರಡು ವರ್ಷ ನಾನು ಬಿಟ್ಟಿದ್ದೆಲ್ಲ ಬುರುಡೆಯೇ?

ಭಾನುವಾರ ಬೆಳಿಗ್ಗೆ ಅತ್ತೆಯ ಜೊತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಡಾಕ್ಟರು ಏನಂದರು ಎಂದು ಕೇಳಿದರು. ಹೇಳಿದೆ. "ನಿದ್ದೇಲಿ ನಾನೇನು ಮಾಡ್ತೀನಿ ಅತ್ತೆ, ನೀವು ನೋಡಿದೀರಾ?" ಎಂದೆ.

"ನನ್ನ ರೂಮಿಗೆ ಬರ್ತೀಯ. ನನ್ನ ಎಡಗೈ ಬಿಡಿಸಿ ಲಿಂಗ ಇಡ್ತೀಯ. ಬೆರಳು ಮಡಚಿ ಹೋಗ್ತೀಯ." ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನೀನು ಸ್ನಾನಕ್ಕೆ ಹೋದಾಗ ಬ್ಯಾಗಲ್ಲಿ ವಾಪಸ್ ಇಡ್ತೀನಿ. ತಿಂಗಳಾಯ್ತು."

"ಯಾಕೆ ಕೇಳ್ಲಿಲ್ಲ ಅತ್ತೆ?"

"ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ" ಎಂದು ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದರು. "ಈಗ ಎಚ್ಚರವಾಗಿದೀಯಲ್ಲ. ಹೇಳು."