ಕಾಕನ ಕಿರುಬೆರಳು

ಅವರ ಕಿರುಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಸೋಪು, ಸೀಮೆಎಣ್ಣೆ, ನಿಂಬೆಸಿಪ್ಪೆ ಯಾವುದಕ್ಕೂ ಬಗ್ಗದ ಕಪ್ಪು. ಉಳಿದ ಬೆರಳುಗಳ ಉಗುರು ಒಂದಿಷ್ಟು ಬೆಳೆದಿದ್ದರೂ ಅದೊಂದರ ಉಗುರನ್ನು ಮಾತ್ರ ಚರ್ಮಕ್ಕೆ ತಾಗುವಷ್ಟು ಕತ್ತರಿಸಿಕೊಂಡಿರುತ್ತಿದ್ದರು. ಅದು ಬಲಗೈಯ ಬೆರಳು ಎಂದು ನನ್ನ ನೆನಪು. ಆದರೆ ನನ್ನಲ್ಲಿರುವ ಒಂದೇ ಒಂದು ಫೋಟೋದಲ್ಲಿ ಅವರು ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದಾರೆ, ಕಪ್ಪು ಬೆರಳು ಲೋಟದ ಅಂಚಿನಿಂದ ಹೊರಗೆ ಚಾಚಿಕೊಂಡಿದೆ. ಫೋಟೋ ತೆಗೆದವನು ನಾನೇ. ಮೊಬೈಲು ಚಿತ್ರವನ್ನು ಮಗುಚಿತೋ, ನನ್ನ ತಲೆ ಮಗುಚಿತೋ ಗೊತ್ತಿಲ್ಲ. ಇಷ್ಟು ಸಣ್ಣ ವಿಷಯದಲ್ಲೇ ಹೀಗಾದರೆ, ಮುಂದೆ ಬರೆಯುವುದನ್ನೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದುವುದು ಒಳ್ಳೆಯದು.

ದೋಹಾದಲ್ಲಿ ಬೇಟೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಅವರು ಕೋವಿ ರಿಪೇರಿ ಮಾಡುತ್ತಿದ್ದರು. ನಾನು ಮುಂದಿನ ಕೌಂಟರಿನಲ್ಲಿ ಇದ್ದೆ, ಈಗಲೂ ಇದ್ದೇನೆ. ಗಾಜಿನ ಕಪಾಟುಗಳಲ್ಲಿ ಗಿಡುಗಗಳಿಗೆ ತೊಡಿಸುವ ಚರ್ಮದ ಟೊಪ್ಪಿಗಳು, ದುರ್ಬೀನುಗಳು, ಮರುಭೂಮಿಯ ಡೇರೆಗಳು. ಬೀಗ ಹಾಕಿದ ಕಪಾಟಿನಲ್ಲಿ, ಪರವಾನಗಿ ಇದ್ದವರಿಗೆ ಮಾತ್ರ, ಬಂದೂಕುಗಳು. ಹಿಂದಿನ ಕೋಣೆ ಅವರದು. ಅಂಗಡಿಗೆ ಬರುವ ಊರಿನವರೆಲ್ಲ ಅವರನ್ನು ಕಾಕ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಮರು. ಕೆಲಸ ಕಲಿತದ್ದು ಮಡಿಕೇರಿಯ ಕೋವಿ ಅಂಗಡಿಯಲ್ಲಿ. ನಮ್ಮಿಬ್ಬರ ನಡುವೆ ತುಳು ನಡೆಯುತ್ತಿತ್ತು. ಕೋವಿಯ ವಿಷಯ ಬಂದರೆ ಮಾತ್ರ ಅವರು ಕನ್ನಡಕ್ಕೆ ಹೊರಳುತ್ತಿದ್ದರು, ಗುರು ಕಲಿಸಿದ ಭಾಷೆಯಲ್ಲೇ ಆ ಕೆಲಸ ಆಗಬೇಕು ಎನ್ನುವ ಹಾಗೆ.

ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಕತಾರಿಗೆ ಬಂದ ಆರು ವರ್ಷದಲ್ಲಿ ಅದು ನನ್ನ ನಾಲ್ಕನೆಯ ಕೆಲಸ. ಯಾವ ಕುರ್ಚಿಯಲ್ಲೂ ಎರಡು ವರ್ಷದ ಮೇಲೆ ಕೂರಲಾಗದ ಸ್ವಭಾವ. ಜೊತೆಗೆ ಯಾರು ಏನು ಹೇಳಿದರೂ "ಅದಕ್ಕೆ ಆಧಾರ ಏನು" ಎಂದು ಕೇಳುವ ಚಟ. ಕಾಕ ಮೊದಲ ವಾರದಲ್ಲೇ ನನಗೆ "ಪ್ರೊಫೆಸರ್" ಎಂದು ಹೆಸರಿಟ್ಟರು.

ಅವರಿಗೊಂದು ನಿಯಮವಿತ್ತು. ಕೋವಿ ಯಾರ ಕೈಯಿಂದ ಬಂದರೂ, ಖಾಲಿ ಇದೆ ಎಂದು ಯಾರು ಹೇಳಿದರೂ, ಅದನ್ನು ತೆರೆದು, ಗುಂಡು ತುಂಬಿದ ತೋಟೆ ಕೂರುವ ಜಾಗಕ್ಕೆ ತಮ್ಮ ಕಿರುಬೆರಳನ್ನು ತೂರಿಸಿ ನೋಡಬೇಕು. ಆ ಜಾಗಕ್ಕೆ ಎಲ್ಲರೂ ಚೇಂಬರ್ ಎನ್ನುತ್ತೇವೆ. ಕಾಕ "ಗರ್ಭಗುಡಿ" ಎಂದು ಚೇಷ್ಟೆ ಮಾಡುತ್ತಿದ್ದರು. "ಕಣ್ಣು ಅವಸರ ಮಾಡ್ತದೆ. ಬೆರಳಿಗೆ ಅವಸರ ಇಲ್ಲ," ಅನ್ನುತ್ತಿದ್ದರು. ಮಡಿಕೇರಿಯಲ್ಲಿದ್ದಾಗ, ಚುನಾವಣೆ ಬಂತೆಂದರೆ ಊರಿನ ಕೋವಿಗಳೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂರಬೇಕಿತ್ತಂತೆ. ಅದಕ್ಕೆ ಮೊದಲು ಒಮ್ಮೆ ಎಣ್ಣೆ ಹಾಕಿಸಲು ಅವು ಅಂಗಡಿಗೆ ಬರುತ್ತಿದ್ದವು. ಹಾಗೆ ಬಂದ ಒಂದರ ಹೊಟ್ಟೆಯಲ್ಲಿ ಕಳೆದ ಚುನಾವಣೆ ಮುಗಿದ ಮೇಲೆ ತುಂಬಿದ್ದ ತೋಟೆ ಹಾಗೆಯೇ ಇತ್ತು. "ಐದು ವರ್ಷ ಆ ಮನೆಯವರು ಅದನ್ನು ಖಾಲಿ ಅಂತ ಗೋಡೆಗೆ ತೂಗು ಹಾಕಿದ್ದು. ಅದರ ಕೆಳಗೆ ತೊಟ್ಟಿಲು," ಎನ್ನುತ್ತಿದ್ದರು ಕಾಕ. ತೊಟ್ಟಿಲಿನ ಭಾಗ ಅವರೇ ಸೇರಿಸಿದ್ದಿರಬಹುದು.

ಅವರಿಗೆ ಇನ್ನೊಂದು ಅಭ್ಯಾಸ. ಮೇಜಿನ ಪಕ್ಕ ಅರ್ಧಕ್ಕೆ ಕೊಯ್ದ ಎಣ್ಣೆ ಡ್ರಮ್ಮು, ಅದರ ತುಂಬ ಮರಳು. ಕೆಲಸ ನಡೆಯುವಾಗ ಕೋವಿಯ ಬಾಯಿ ಆ ಮರಳಿನ ಕಡೆಗೇ ಇರಬೇಕು. ಈ ಊರಿನಲ್ಲಿ ಪುಕ್ಕಟೆ ಸಿಗುವುದು ಅದೊಂದೇ ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ಅಲ್ ಅಜೀಜಿಯಾ ಬಡಾವಣೆಯ ಗಿರಾಕಿಯೊಬ್ಬರು ಬಂದರು. ಮೆತ್ತಗೆ ಮಾತಾಡುವ, ಹೊಸದಾಗಿ ಬೇಟೆಯ ಹುಚ್ಚು ಹಿಡಿದ ಕತಾರಿ. ಚಳಿಗಾಲದಲ್ಲಿ ಹೊರದೇಶದ ಗುಡ್ಡಗಳಲ್ಲಿ ಕಾಡುಮೇಕೆಯ ಬೇಟೆಗೆ ಹೋಗುವವರಿದ್ದರು. ಅವರ ಪ್ರಶ್ನೆ ಒಂದೇ: ಬೋಲ್ಟ್ ರೈಫಲ್ ಕೊಳ್ಳಲೋ, ಸೆಮಿ ಆಟೋಮ್ಯಾಟಿಕ್ ಕೊಳ್ಳಲೋ? ಬೋಲ್ಟಿನಲ್ಲಿ ಒಂದು ಗುಂಡು ಹಾರಿಸಿದ ಮೇಲೆ ಕೈಯಿಂದಲೇ ಹಿಡಿಕೆ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ ಮುಂದಿನ ತೋಟೆ ಕೂರಿಸಬೇಕು. ಸೆಮಿಯಲ್ಲಿ ಆ ಕೆಲಸವನ್ನು ಕೋವಿ ತಾನೇ ಮಾಡಿಕೊಳ್ಳುತ್ತದೆ. ನಾವು ಟ್ರಿಗರ್ ಎಳೆದರೆ ಸಾಕು.

ನಾನು ಸೆಮಿಯ ಪರ. ಮೊದಲ ಗುಂಡು ತಪ್ಪಿದರೆ ಎರಡನೆಯದಕ್ಕೆ ತಡವಿಲ್ಲ, ಭುಜಕ್ಕೆ ಒದೆತ ಕಡಿಮೆ, ಹೊಸಬರಿಗೆ ಸುಲಭ. ಇಂಗ್ಲಿಷಿನಲ್ಲಿ ನೀಟಾಗಿ ಹೇಳಿದೆ. ಕಾಕ ಹಿಂದಿನ ಕೋಣೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು.

"ಪ್ರೊಫೆಸರ್ರೆ, ಎರಡನೇ ಈಡಿನ ಧೈರ್ಯದಲ್ಲಿ ಮೊದಲನೇ ಈಡು ಹಾಳಾಗ್ತದೆ. ಅವರಿಗೆ ಅದನ್ನು ಹೇಳಿ."

"ಅದಕ್ಕೆ ಆಧಾರ ಎಂತ ಕಾಕ?"

"ಆಧಾರ ಬೇಕಾದ್ರೆ ಮೇಕೆಯ ಹತ್ರ ಕೇಳಿ." ಆಮೇಲೆ ಕಪಾಟಿನಿಂದ ಒಂದು ಬೋಲ್ಟ್ ರೈಫಲ್ ತೆಗೆದು, ಬೋಲ್ಟನ್ನು ಪೂರ್ತಿ ಹೊರಗೆಳೆದು, ಒಂದು ಕೈಯಲ್ಲಿ ಕೋವಿ, ಇನ್ನೊಂದರಲ್ಲಿ ಬೋಲ್ಟು ಹಿಡಿದು ಗಿರಾಕಿಯ ಮುಂದೆ ನಿಂತರು. "ಇದು ತೆರೆದುಂಟಾ ಮುಚ್ಚಿಯುಂಟಾ ಅಂತ ಹಿಡಿದವನಿಗೆ ಮಾತ್ರ ಅಲ್ಲ, ಎದುರಿಗೆ ಕೂತವನಿಗೂ ಕಾಣ್ತದೆ. ಸೆಮಿ ಹಾಗಲ್ಲ. ಅದು ತನ್ನಷ್ಟಕ್ಕೇ ತುಂಬಿಕೊಳ್ತದೆ. ತುಂಬಿಕೊಂಡದ್ದು ಯಾರಿಗೂ ಹೇಳುವುದಿಲ್ಲ."

ಅದನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ, ಆದರೂ ಗಿರಾಕಿ ನನ್ನ ಮಾತನ್ನೇ ಆರಿಸಿಕೊಂಡರು. ನಾನು ಗೆದ್ದ ಖುಷಿಯಲ್ಲಿದ್ದೆ. ಕಾಕ ಸೋತ ಮುಖ ಮಾಡದೆ ಅವರನ್ನು ಕೂರಿಸಿಕೊಂಡು ತಮ್ಮ ಮುರುಕು ಅರಬಿಯಲ್ಲಿ ಕೋವಿ ಖಾಲಿ ಮಾಡುವ ಕ್ರಮವನ್ನು ಕಲಿಸಿದರು. "ಅವ್ವಲ್ ಮ್ಯಾಗಜಿನ್, ಬಾದೇನ್ ಬೋಲ್ಟ್." ಸೆಮಿಯ ಒಳಗೂ ಒಂದು ಬೋಲ್ಟ್ ಇರುತ್ತದೆ; ಮೊದಲು ತೋಟೆಗಳ ಮ್ಯಾಗಜಿನ್ ಕಳಚಬೇಕು, ಆಮೇಲೆ ಆ ಬೋಲ್ಟ್ ಎಳೆಯಬೇಕು. ಹಿಂದುಮುಂದಾದರೆ ಎಳೆದ ಬೋಲ್ಟು ಮ್ಯಾಗಜಿನ್ನಿನಿಂದ ಇನ್ನೊಂದು ತೋಟೆಯನ್ನು ಒಳಗೆ ಕೂರಿಸುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದರೆ ಕೋವಿ ಖಾಲಿ ಎನಿಸುತ್ತದೆ, ಖಾಲಿ ಇರುವುದಿಲ್ಲ. ಇಪ್ಪತ್ತು ಸಲ ಮಾಡಿಸಿರಬೇಕು. ನಾನು ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದೆ.

ಇನ್ನು ನನಗೆ ಹೇಳಲು ಕಷ್ಟವಾಗುವ ವಿಷಯ. ಗಿರಾಕಿಗಳಿಂದ ಕೋವಿ ತೆಗೆದುಕೊಂಡು, ಪರೀಕ್ಷಿಸಿ, ಒಳಗೆ ಕೊಡುವುದು ನನ್ನ ಕೆಲಸ. ನಾನು ಕೊಟ್ಟ ಮೇಲೂ ಕಾಕ ಪ್ರತಿ ಸಲ ನನ್ನೆದುರಿಗೇ ಬೆರಳು ಹಾಕುತ್ತಿದ್ದರು. ಒಂದು ದಿನ ನನಗೆ ರೇಗಿತು.

"ಕಾಕ, ಈಗ ತಾನೇ ನೋಡಿ ತಂದದ್ದಲ್ವಾ? ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲೆ ಉಂಟು ಮಾರಾಯ್ರೆ. ಇದರ ಮೇಲೆ ಇಲ್ಲ."

"ಎರಡೂ ಒಂದೇ. ನಾನು ಖಾಲಿ ಅಂದದ್ದು ಸುಳ್ಳು ಅಂತ ಆಯ್ತು."

ಜಗತ್ತಿನ ಯಾವ ಮಾತನ್ನೂ ಆಧಾರವಿಲ್ಲದೆ ನಂಬದ ನಾನು, ನನ್ನ ಮಾತನ್ನು ಅವರು ಹಾಗೇ ನಂಬಬೇಕೆಂದು ಹಟ ಹಿಡಿದೆ. ನಾಲ್ಕೈದು ದಿನ ಅವರ ಜೊತೆ ಕೆಫೆಟೇರಿಯಾಕ್ಕೆ ಕರಕ್ ಚಹಾ ಕುಡಿಯಲು ಹೋಗಲಿಲ್ಲ. ಅವರು ಎರಡು ಲೋಟ ತಂದು ಒಂದನ್ನು ಕೌಂಟರಿನಲ್ಲಿಟ್ಟು ಹೋದರೆ ಅದನ್ನು ಆರಲು ಬಿಟ್ಟೆ. ಆ ವಾರದ ಕೊನೆಗೆ ನಾನು ಕೊಟ್ಟ ಕೋವಿಯನ್ನು ಅವರು ಬೆರಳು ಹಾಕದೆಯೇ ಮೇಜಿನ ಮೇಲಿಟ್ಟರು. "ನೀವು ನೋಡಿದ್ರೆ ನಾನು ನೋಡಿದ ಹಾಗೇ. ಇನ್ನಾದ್ರೂ ಚಾ ಕುಡಿತೀರಾ?" ಎಂದರು. ನನಗೆ ಬಹಳ ಸಂತೋಷವಾಯಿತು. ಅಂದಿನಿಂದ ನಾನು ಕೊಟ್ಟ ಕೋವಿಗಳಿಗೆ ಅವರು ಬೆರಳು ಹಾಕಲಿಲ್ಲ.

ಚಳಿಗಾಲ ಮುಗಿದು ಅಜೀಜಿಯಾದ ಗಿರಾಕಿ ಬೇಟೆಯಿಂದ ಹಿಂದಿರುಗಿದರು. ಒಂದು ಬೆಳಿಗ್ಗೆ ಮರುಭೂಮಿಯಲ್ಲಿ ಗುರಿ ಅಭ್ಯಾಸ ಮಾಡಿ, ಅಲ್ಲಿಂದ ನೇರ ಸೆಮಿಯನ್ನು ಸರ್ವಿಸಿಗೆ ತಂದರು. ಕೋವಿ ಒಂದು ಕೈಯಲ್ಲಿ, ಕಳಚಿದ ಮ್ಯಾಗಜಿನ್ ಇನ್ನೊಂದರಲ್ಲಿ. ಅದೇ ಹೊತ್ತಿಗೆ ನನಗೆ ಫೋನು ಬಂತು. ಅಲ್ ರಯ್ಯಾನಿನ ಒಂದು ಕಚೇರಿಯಲ್ಲಿ ನನ್ನ ಐದನೆಯ ಕೆಲಸದ ಸಂದರ್ಶನದ ಕರೆ. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡೇ ಕೋವಿಯನ್ನು ಒಳಗೆ ಒಯ್ದೆ. ಮ್ಯಾಗಜಿನ್ ಇರಲಿಲ್ಲ, ಸೇಫ್ಟಿ ಹಾಕಿತ್ತು. ಅಷ್ಟು ನೋಡಿದ್ದೆ. "ಖಾಲಿ ಕಾಕ" ಎಂದೆನೋ, ತಲೆ ಮಾತ್ರ ಆಡಿಸಿದೆನೋ, ಅದನ್ನು ಎಷ್ಟು ಸಲ ನೆನಪಿಸಿಕೊಂಡರೂ ಖಚಿತವಾಗುವುದಿಲ್ಲ. ಬೋಲ್ಟನ್ನು ಎಳೆಯಲಿಲ್ಲ ಎಂಬುದು ಖಚಿತ.

ಆ ಜಾತಿಯ ಕೋವಿಯನ್ನು ಬಿಚ್ಚುವ ಮೊದಲು ಸೇಫ್ಟಿ ತೆಗೆದು ಒಮ್ಮೆ ಟ್ರಿಗರ್ ಎಳೆಯಬೇಕಾಗುತ್ತದೆ. ನಾನು ಕೌಂಟರಿಗೆ ಮರಳಿ, ಯಾವತ್ತು ಬರಲಿ ಎಂದು ಫೋನಿನಲ್ಲಿ ಕೇಳುತ್ತಿದ್ದಾಗ ಆ ಸದ್ದು ಬಂತು. ಕಪಾಟಿನ ಗಾಜುಗಳೆಲ್ಲ ಒಟ್ಟಿಗೆ ಅದುರಿದವು.

ಓಡಿ ಹೋದೆ. ಗುಂಡು ಡ್ರಮ್ಮಿನ ಮರಳಿಗೆ ಹೊಕ್ಕಿತ್ತು. ನನಗಾಗಿ ಬೆರಳನ್ನು ಬಿಟ್ಟುಕೊಟ್ಟಿದ್ದರೂ ಮರಳನ್ನು ಅವರು ಬಿಟ್ಟಿರಲಿಲ್ಲ. ಬಲಗಿವಿಯನ್ನು ಅಂಗೈಯಿಂದ ಒತ್ತಿಕೊಂಡು ಒಂದು ಕ್ಷಣ ನಿಂತವರು, ನಿಧಾನವಾಗಿ ಬೋಲ್ಟನ್ನು ಎಳೆದು ಹಿಡಿದು, ಕಿರುಬೆರಳನ್ನು ಒಳಗೆ ತೂರಿಸಿದರು. ಒಳಗೆ ಬಿಸಿಯಿದ್ದಿರಬೇಕು, ಮುಖ ಸ್ವಲ್ಪ ಕಿವುಚಿದರು. "ಈಗ ಖಾಲಿ," ಎಂದರು.

ಅಂಗಡಿಯೊಳಗೆ ಗುಂಡು ಹಾರಿದ್ದು ಸಣ್ಣ ಸಂಗತಿಯಲ್ಲ. ಮಾಲೀಕರು ಬಂದರು, ವಿಚಾರಣೆಯ ಅಧಿಕಾರಿ ಬಂದರು. ಅಂಗಡಿಯ ಪರವಾನಗಿ ಉಳಿಯಬೇಕಾದರೆ ತಪ್ಪು ಒಬ್ಬನ ಹೆಸರಿಗೆ ಹೋಗಬೇಕು, ಆ ಒಬ್ಬ ದೇಶ ಬಿಡಬೇಕು. ಮಾಲೀಕರು ನಮ್ಮಿಬ್ಬರನ್ನೂ ನಿಲ್ಲಿಸಿ, ಕೋವಿಯನ್ನು ನೋಡಿ ತೆಗೆದುಕೊಂಡವರು ಯಾರು ಎಂದು ಕೇಳಿದರು.

"ಅನಾ," ಎಂದರು ಕಾಕ. "ನಫರ್ ಸಾನಿ ಮಾಫಿ." ನಾನೇ, ಬೇರೆ ಜನ ಇಲ್ಲ.

ಆಗ ನಾನು ಬಾಯಿ ತೆರೆಯಬೇಕಿತ್ತು. ಕಾಕ ನನ್ನ ಕಡೆ ನೋಡಿ, ಬೇಡ ಎನ್ನುವಂತೆ ಒಂದು ಸಲ ರೆಪ್ಪೆ ಮುಚ್ಚಿ ತೆರೆದರು, ಅದಕ್ಕೇ ನಾನು ಸುಮ್ಮನಾದೆ ಎಂದು ನನ್ನ ನೆನಪು ಹೇಳುತ್ತದೆ. ಈ ನೆನಪನ್ನು ನಾನು ನಂಬುವುದಿಲ್ಲ. ಅದು ನನಗೆ ತೀರಾ ಅನುಕೂಲವಾಗಿದೆ. ಆ ಹೊತ್ತಿನಲ್ಲಿ ನಾನು ನೆಲದ ಟೈಲ್ಸ್ ನೋಡುತ್ತಿದ್ದೆ ಎಂಬುದೂ ನೆನಪಿದೆ. ಟೈಲ್ಸ್ ನೋಡುತ್ತಿದ್ದವನಿಗೆ ರೆಪ್ಪೆ ಹೇಗೆ ಕಂಡಿತು?

ವೀಸಾ ರದ್ದಾಗಲು ಮೂರು ವಾರ ಹಿಡಿಯಿತು. ಹೊರಡುವ ಮುನ್ನಾ ದಿನ ನಜ್ಮಾ ಬಡಾವಣೆಯಲ್ಲಿ ಅವರು ಐದು ಜನರ ಜೊತೆ ಇದ್ದ ಕೋಣೆಗೆ ಹೋದೆ. ಮಂಚದ ಮೇಲೆ ಪೆಟ್ಟಿಗೆ ತೆರೆದಿಟ್ಟುಕೊಂಡು ಅಂಗಿ ಮಡಚುತ್ತಿದ್ದರು. ನಾನು ಅವರ ಎಡಕ್ಕೆ ಬಂದು ಕೂತೆ, ಆ ಸದ್ದಿಗೆ ಅವರ ಬಲಗಿವಿ ಕೇಳದಾಗಿತ್ತು.

"ಕಾಕ, ಯಾಕೆ ಹಾಗೆ ಹೇಳಿದ್ರಿ? ತಪ್ಪು ನನ್ನದು."

"ಬೆರಳು ಯಾರದ್ದು? ನನ್ನದಲ್ವಾ? ಹಾಕದೆ ಇದ್ದದ್ದು ನಾನು."

"ಖಾಲಿ ಅಂತ ಹೇಳಿದ್ದು ನಾನು."

"ಹೇಳಿದ್ದಕ್ಕೆಲ್ಲ ತಲೆ ಆಡಿಸ್ಲಿಕ್ಕೆ ನಾನೇನು ಮದುಮಗನಾ?" ಎಂದು ನಕ್ಕರು. ಮೇಲಿನ ಮಂಚದವನೂ ನಕ್ಕ. ಆಮೇಲೆ ತಗ್ಗಿದ ದನಿಯಲ್ಲಿ, "ಇಲ್ಲಿಂದ ಹೋಗುವುದಕ್ಕೆ ಬೇಜಾರಿಲ್ಲ. ಊರಲ್ಲಿ ಈ ಕೈಗೆ ಯಾರೂ ಕೋವಿ ಕೊಡ್ಲಿಕ್ಕಿಲ್ಲ. ಅದೊಂದು ಉಂಟು," ಎಂದರು.

ಅವರು ಹೋದ ಮೇಲೆ ನಾನು ಸಂದರ್ಶನಕ್ಕೆ ಹೋಗಲಿಲ್ಲ. ಅದೇ ಕೌಂಟರಿನಲ್ಲಿ ಉಳಿದೆ. ಊರಿಗೆ ಎರಡು ಮೂರು ಸಲ ಫೋನು ಮಾಡಿದೆ. ಮಾಲೀಕರ ಹತ್ತಿರ ನಿಜ ಹೇಳುತ್ತೇನೆ ಎಂದು ಪ್ರತಿ ಸಲ ಶುರುಮಾಡುತ್ತಿದ್ದೆ. "ಫೋನಲ್ಲಿ ನನಗೆ ಸರಿ ಕೇಳುವುದಿಲ್ಲ ಪ್ರೊಫೆಸರ್ರೆ, ಬಂದಾಗ ಹೇಳಿ," ಎಂದು ಅವರು ಇಟ್ಟುಬಿಡುತ್ತಿದ್ದರು. ನಾನು ಹೋಗಲಿಲ್ಲ. ಹೇಳುತ್ತೇನೆ ಎಂದುಕೊಂಡ ನಿಜವನ್ನು ಇಲ್ಲಿ ಹೇಳಲೂ ಇಲ್ಲ. ಕಳೆದ ಉಪವಾಸದ ತಿಂಗಳಲ್ಲಿ ಅವರು ತೀರಿಕೊಂಡರೆಂದು ಅವರ ಅಳಿಯ ವಾಯ್ಸ್ ಮೆಸೇಜ್ ಕಳಿಸಿದ.

ಅದನ್ನು ಮಾಲೀಕರಿಗೆ ತಿಳಿಸಲು ಹೋದಾಗ, ಅವರು ಮರುಕದಿಂದಲೇ, "ಒಳ್ಳೆಯ ಮನುಷ್ಯ. ಒಂದೇ ಒಂದು ತಪ್ಪು ಮಾಡಿದ," ಎಂದರು. ಅವತ್ತು ಕೋವಿಯನ್ನು ನೋಡದೆ ಒಳಗೆ ಕೊಟ್ಟವನು ನಾನು, ಅವರಲ್ಲ ಎಂದೆ. "ಖಲಾಸ್. ಹಳೆಯ ಮಾತು," ಎಂದು ಅವರು ಕೈ ಬೀಸಿ ಫೋನಿಗೆ ತಿರುಗಿದರು. ಅಷ್ಟೇ. ಹೇಳಬೇಕಾಗಿದ್ದ ದಿನ ಆ ಮಾತಿಗೆ ಒಬ್ಬ ಮನುಷ್ಯನನ್ನು ಉಳಿಸುವ ಬಲವಿತ್ತು.

ಬೋಲ್ಟೋ ಸೆಮಿಯೋ ಎಂದು ಗಿರಾಕಿಗಳು ಈಗಲೂ ಕೇಳುತ್ತಾರೆ. ಎರಡರ ಗುಣದೋಷವನ್ನೂ ಹೇಳುತ್ತೇನೆ, ಕೊನೆಗೆ ಬೋಲ್ಟನ್ನು ಹೊರಗೆಳೆದು ಅವರ ಎದುರಿಗಿಡುತ್ತೇನೆ. ಕಾಕನ ಮೇಜಿನ ಮುಂದೆ ಈಗ ಮಲಯಾಳಿಯೊಬ್ಬರಿದ್ದಾರೆ, ನನ್ನದೇ ವಯಸ್ಸು, ಕೆಲಸ ಚೆನ್ನಾಗಿ ಬಲ್ಲವರು. ಕೋವಿಗೆ ಬೆರಳು ಹಾಕಿ ನೋಡಿ ಅವರ ಕೈಗೆ ಕೊಡುತ್ತೇನೆ. ಅವರೂ ಬೆರಳು ಹಾಕುವವರೆಗೆ ಅಲ್ಲಿಂದ ಕದಲುವುದಿಲ್ಲ. ಕೆಲಸ ಮುಗಿಸಿ ಅವರು ಹೊರಗೆ ಕೊಟ್ಟಾಗಲೂ ಅಷ್ಟೇ, ಅವರೆದುರಿಗೇ ಮತ್ತೆ ಹಾಕುತ್ತೇನೆ. ಕಳೆದ ವಾರ ಅವರ ಮುಖ ಕೆಂಪಾಯಿತು.

"ಈಗ ತಾನೇ ನಾನು ನೋಡಿ ಕೊಟ್ಟೆನಲ್ಲ. ನನ್ನ ಮೇಲೆ ನಂಬಿಕೆ ಇಲ್ಲವಾ?" ಎಂದು ಮಲಯಾಳದಲ್ಲಿ ಕೇಳಿದರು.

ಇಲ್ಲ ಎಂದೆ. ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮಾತಾಡದಿದ್ದರೂ ಚಿಂತೆಯಿಲ್ಲ. ನಾನು ಹಟ ಹಿಡಿದ ದಿನ ಕಾಕ ನನಗೆ ಹೇಳಬೇಕಾಗಿದ್ದದ್ದು ಆ ಇಲ್ಲ ಎಂಬ ಒಂದೇ ಮಾತು. ನನ್ನ ಮುಖ ನೋಡಿ ಅವರು ಅದನ್ನು ಹೇಳಲಿಲ್ಲ.